ಸೀಮೆಸುಣ್ಣದ ಲಾರಿ, ಕಾಗದದ ವೆಬ್‌ಸೈಟು

ಸಿಟ್ಟಿನ ಅಪ್ಪನಿಗೆ, ಅವನಿಗಿಂತ ಒಂದು ಕೈ ಮೇಲೆಯೇ ಸಿಟ್ಟಿರುವ ಮಗಳು ಶೈಲಾ ಬರೆಯುವುದು.

ನಾನಿಲ್ಲಿ ಕ್ಷೇಮ ಎಂದು ಶುರು ಮಾಡುವುದಿಲ್ಲ. ನೀನು ಹೋಗಿ ಹತ್ತು ತಿಂಗಳಾಯಿತು. ಈ ಹತ್ತು ತಿಂಗಳಲ್ಲಿ ಅತ್ತಿದ್ದೇನೆ, ಅಮ್ಮನಿಗೆ ಸಮಾಧಾನ ಹೇಳಿದ್ದೇನೆ, ಬಂದ ನೆಂಟರಿಗೆಲ್ಲ ನಿನ್ನನ್ನು ದೇವರಂಥ ಮನುಷ್ಯ ಎಂದು ಹೊಗಳಿದ್ದೇನೆ. ಜಗಳ ಒಂದನ್ನು ಮಾತ್ರ ಆಡಿರಲಿಲ್ಲ. ಹೋದವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದಂತೆ. ಹೋಗುವವರು ಮಾತ್ರ ಅರ್ಧ ಜಗಳ ಬಿಟ್ಟು ಹೋಗಬಹುದೇ? ಗಾಜುವಾಕದ ಈ ಮೂರನೇ ಮಹಡಿಯ ಬಾಡಿಗೆ ಮನೆಯಲ್ಲಿ ಕೂತು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಮ್ಮನ ಹತ್ತಿರ ತೆಲುಗು, ಆಫೀಸಿನಲ್ಲಿ ಇಂಗ್ಲಿಷು. ಸಿರುಗುಪ್ಪದಿಂದ ನೀನು ತಂದ ಕನ್ನಡ ನಮ್ಮಿಬ್ಬರ ನಡುವೆ ಮಾತ್ರ ಇತ್ತು, ಅದರಲ್ಲೂ ಮುಕ್ಕಾಲು ಪಾಲು ಜಗಳಕ್ಕೇ ಖರ್ಚಾಯಿತು.

ನನಗೆ ಎಂಟೋ ಒಂಬತ್ತೋ ವರ್ಷ. ಶಾಲೆಗೆ ರಜೆ ಇದ್ದ ದಿನ ವಿಜಯವಾಡದ ಆಟೋನಗರ್‌ನ ನಿನ್ನ ಶೆಡ್ಡಿಗೆ ಬರುತ್ತಿದ್ದೆ. ಹೊಸ ಲಾರಿ ಬರುವಾಗ ಬರೀ ಚಾಸಿ ಬರುತ್ತಿತ್ತು, ಮೇಲೆ ಏನೂ ಇಲ್ಲದ ಅಸ್ಥಿಪಂಜರ. ಕ್ಯಾಬಿನ್ನು, ಹಿಂದಿನ ಬಾಡಿ ಎಲ್ಲ ನೀವು ಕಟ್ಟಬೇಕು. ಮರ ಕೊಯ್ಯುವ ಮೊದಲು ನೀನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಪೂರ್ತಿ ಕ್ಯಾಬಿನ್ ಬರೆಯುತ್ತಿದ್ದೆ, ಅಳತೆಗೆ ಅಳತೆ. ನಡುವೆ ಬೋರಲು ಹಾಕಿದ ಪೇಂಟ್ ಡಬ್ಬ, ಅದರ ಮೇಲೆ ಡ್ರೈವರು, ಕೈಯಲ್ಲಿ ಹಳೇ ಸ್ಟೀರಿಂಗ್ ಚಕ್ರ. ಆಮೇಲೆ ಅವನಿಗೆ ಕಣ್ಣು ಮುಚ್ಚಲು ಹೇಳುತ್ತಿದ್ದೆ. ಹಾರ್ನ್ ಹೊಡಿ, ವೈಪರ್ ಹಾಕು, ನೀರಿನ ಬಾಟಲಿ ತಗೋ. ಅವನ ಕೈ ಗಾಳಿಯಲ್ಲಿ ಎಲ್ಲಿ ಹೋಗುತ್ತದೋ ಅಲ್ಲಿ ನಾನು ಸ್ಕೇಲು ಹಿಡಿಯಬೇಕು, ನೀನು ಗುರುತು ಹಾಕಬೇಕು. ಲಾರಿ ಮಾಲೀಕರು ಪಕ್ಕದಲ್ಲಿ ನಿಂತು ಸ್ವಿಚ್ಚು ಇಲ್ಲಿ ಚೆನ್ನ, ಅಲ್ಲಿ ಚೆನ್ನ ಎಂದರೆ ನೀನು ಕೇಳಿಸಿಕೊಳ್ಳುತ್ತಲೇ ಇರಲಿಲ್ಲ. ಓಡಿಸುವವನು ಅವನಲ್ಲವಲ್ಲ ಎಂದು ನನಗೆ ಮಾತ್ರ ಕನ್ನಡದಲ್ಲಿ ಹೇಳುತ್ತಿದ್ದೆ.

ಒಂದು ಸಂಕ್ರಾಂತಿಗೆ ಮನೆಗೆ ಬಂದಾಗ ನನ್ನ ಕೆಲಸ ಏನು ಎಂದು ನಿನಗೆ ವಿವರಿಸಿದ್ದೆ. ವೆಬ್‌ಸೈಟ್ ಕಟ್ಟುವ ಮೊದಲು ಒಂದು ಸುಳ್ಳು ವೆಬ್‌ಸೈಟ್ ಮಾಡಿ ತೋರಿಸುತ್ತೇವೆ, ಅದಕ್ಕೆ ಮಾಕಪ್ ಅಂತಾರೆ, ನಿನ್ನ ಸೀಮೆಸುಣ್ಣದ ಲಾರಿ ಇದ್ದ ಹಾಗೆ ಎಂದೆ. ನನ್ನ ಕ್ರಮವನ್ನೂ ಹೇಳಿದೆ. ಮೊದಲು ಫೋನಿನ ಅಳತೆಗೆ ಕತ್ತರಿಸಿದ ಕಾಗದ, ಅದರ ಮೇಲೆ ಪೆನ್ಸಿಲು. ಅದನ್ನು ಜನರ ಕೈಗೆ ಕೊಟ್ಟು ಬೆರಳಿಂದ ಒತ್ತಿಸಬೇಕು. ಅದು ಸರಿಹೋದ ಮೇಲೆ ಕಂಪ್ಯೂಟರಿನಲ್ಲಿ ಬೂದು ಬಣ್ಣದ ಡಬ್ಬಿಗಳು. ಆಮೇಲೆ ಒತ್ತಿದರೆ ಮುಂದಿನ ಪುಟ ತೆರೆಯುವಂಥದ್ದು. ಬಣ್ಣ, ಫೋಟೋ ಎಲ್ಲ ಕಟ್ಟಕಡೆಗೆ. ಬಣ್ಣ ತೋರಿಸಿದರೆ ಜನ ಬಣ್ಣದ ಬಗ್ಗೆ ಮಾತಾಡುತ್ತಾರೆ, ಪೆನ್ಸಿಲ್ ಗೆರೆ ತೋರಿಸಿದರೆ ಜಾಗದ ಬಗ್ಗೆ ಮಾತಾಡುತ್ತಾರೆ. ಆಫೀಸಿನಲ್ಲಿ ಯಾವ ಸಾಫ್ಟ್‌ವೇರ್ ಒಳ್ಳೆಯದು ಎಂದು ದಿನಾ ಜಗಳ. ಈಗಂತೂ ನಾಲ್ಕು ಸಾಲು ಬರೆದರೆ ಬಣ್ಣದ ಪುಟವನ್ನೇ ಹೊಲಿದು ಕೊಡುವ ಯಂತ್ರ ಬಂದಿದೆ. ಅದನ್ನು ನಾನೂ ಬಳಸುತ್ತೇನೆ, ಆದರೆ ಕೊನೆಗೆ. ಇಷ್ಟನ್ನೂ ನೀನು ಊಟ ನಿಲ್ಲಿಸಿ ಕೇಳಿದೆ. ಕೇಳಿ, ಇಷ್ಟಕ್ಕೇ ಸಂಬಳ ಕೊಡ್ತಾರಾ ಎಂದು ನಕ್ಕೆ. ಆ ನಗು ನನಗೆ ಬೇಸರ ತರಲಿಲ್ಲ, ಅದು ಮೆಚ್ಚುಗೆಯ ನಗು ಎಂದುಕೊಂಡಿದ್ದೆ.

ಹೋದ ವರ್ಷ ನೀನೇ ಅಲ್ಲವೇ ಫೋನ್ ಮಾಡಿದ್ದು? ದೊಡ್ಡ ಮಾಲೀಕರು ಶೆಡ್ಡಿಗೆ ವೆಬ್‌ಸೈಟ್ ಇದೆಯಾ ಎಂದು ಕೇಳುತ್ತಾರೆ, ದಾರಿಯಲ್ಲಿ ಕೆಟ್ಟು ನಿಂತ ಡ್ರೈವರುಗಳೂ ಫೋನಿನಲ್ಲಿ ಹುಡುಕುತ್ತಾರೆ, ನೀನೇ ಮಾಡಿಕೊಡು ಎಂದೆ. ಎಷ್ಟು ಖುಷಿಯಾಗಿತ್ತು ಗೊತ್ತಾ? ಮೊದಲ ಸಲ ನೀನು ನನಗೆ ಕೆಲಸ ಹೇಳಿದ್ದೆ. ನಾನು ಒಂದು ವಾರ ಕೂತು ನಾಲ್ಕು ಹಾಳೆ ಬರೆದೆ. ಆಫೀಸಿನ ಐದು ಜನರ ಕೈಯಲ್ಲಿ ಒತ್ತಿಸಿ ನೋಡಿದೆ. ಬೆಳಗಿನ ರೈಲು ಹಿಡಿದು ವಿಜಯವಾಡಕ್ಕೆ ಬಂದು, ಮನೆಗೂ ಹೋಗದೆ ನೇರ ಶೆಡ್ಡಿಗೆ ಬಂದೆ.

ಅಲ್ಲಿ ಆ ಇಸ್ತ್ರಿ ಅಂಗಿಯವನು ಕೂತಿದ್ದ. ಬೆಂಜ್ ಸರ್ಕಲ್ ಹತ್ತಿರದ ಯಾವುದೋ ಕಂಪನಿಯವನು, ಮಾಲೀಕರೊಬ್ಬರು ಕರೆತಂದಿದ್ದರು. ಅವನ ಕೈಯಲ್ಲಿ ದೊಡ್ಡ ಟ್ಯಾಬು. ಪರದೆ ತುಂಬ ಹಿಮದ ಬೆಟ್ಟ, ಸಂಜೆಯ ಬಿಸಿಲು, ನಡುವೆ ಫಳಫಳ ಹೊಳೆಯುವ ಲಾರಿ, ಮೇಲೆ ನಿನ್ನ ಹೆಸರು ಚಿನ್ನದ ಬಣ್ಣದಲ್ಲಿ. ಕಾರಿನಲ್ಲಿ ಬರುತ್ತಾ ಯಂತ್ರಕ್ಕೆ ಹೇಳಿ ಹತ್ತು ನಿಮಿಷದಲ್ಲಿ ಮಾಡಿದೆ ಎಂದು ಅವನೇ ಹೇಳಿಕೊಂಡ. ಮೂವರು ಮಾಲೀಕರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ನೀನೂ. ನಾನು ನನ್ನ ಹಾಳೆಗಳನ್ನು ಬೆಂಚಿನ ಮೇಲೆ ಇಟ್ಟೆ. ನೀನು ಅವುಗಳನ್ನು ಒಮ್ಮೆ ನೋಡಿದೆ, ಆ ಮೂವರ ಮುಖ ಒಮ್ಮೆ ನೋಡಿದೆ.

"ಏ ಹುಡುಗಿ, ಇಷ್ಟು ಓದಿಸಿದ್ದು ಇದಕ್ಕೇನು? ಪೆನ್ಸಿಲ್ ಹಿಡಕೊಂಡು ಡಬ್ಬಿ ಬರಿಯಾಕ? ಒಳಗ ಇಡು ಅದನ್ನ."

ಕನ್ನಡದಲ್ಲಿ ಹೇಳಿದ್ದಾದರೂ ಸಹಿಸಿಕೊಳ್ಳುತ್ತಿದ್ದೆ. ಅದನ್ನೇ ಮತ್ತೆ ತೆಲುಗಿನಲ್ಲಿ ಅವರಿಗೂ ಹೇಳಿ ನಗಿಸಿದೆಯಲ್ಲ! ಮೈಯೆಲ್ಲ ಉರಿದುಹೋಯಿತು. ಜೀವಮಾನವೆಲ್ಲ ನೆಲದ ಮೇಲೆ ಡಬ್ಬಿ ಬರೆದವನು ನೀನು. ನಿನ್ನಿಂದ ಕಲಿತದ್ದನ್ನೇ ನಿನ್ನ ಮುಂದೆ ತಂದಿಟ್ಟರೆ ನಿನಗೆ ನಾಚಿಕೆಯಾಯಿತು. ಆ ಲಾರಿಯ ಸ್ಟೀರಿಂಗ್ ಎಡಗಡೆ ಇತ್ತು, ಅಪ್ಪ! ಯಾವ ದೇಶದ್ದೋ ಏನೋ. ಸಾವಿರ ಕ್ಯಾಬಿನ್ ಕಟ್ಟಿದ ನಿನಗೆ ಅದು ಕಾಣಲಿಲ್ಲವೇ? ಹೊಳಪು ಅಷ್ಟು ಕಣ್ಣಿಗೆ ಹೊಡೆಯಿತೇ? ಒಬ್ಬ ಡ್ರೈವರನ್ನಾದರೂ ಕರೆದು, ಕಣ್ಣು ಮುಚ್ಚು ಅಂತ ಹೇಳಿದ್ದರೆ... ಹೋಗಲಿ. ನಾನು ಹಾಳೆಗಳನ್ನು ಅಲ್ಲೇ ಬಿಟ್ಟು, ಅಮ್ಮನ ಕೈಯ ಊಟವನ್ನೂ ಮಾಡದೆ, ಮಧ್ಯಾಹ್ನದ ಬಸ್ಸು ಹತ್ತಿ ಗಾಜುವಾಕಕ್ಕೆ ವಾಪಸ್ಸು ಬಂದೆ.

ನೀನು ಫೋನ್ ಮಾಡಲು ಶುರು ಮಾಡಿದ್ದು ನಾಲ್ಕು ದಿನ ಬಿಟ್ಟು. ನಾನು ಎತ್ತಲಿಲ್ಲ. ಮಾರನೆಯ ದಿನವೂ ಎತ್ತಲಿಲ್ಲ. ಆಮೇಲೆ ನೀನು ಅಮ್ಮನ ಫೋನಿನಿಂದ ಮಾಡತೊಡಗಿದೆ. ಅಪ್ಪ ಏದೋ ಚೆಪ್ಪಾಲಂಟ, ಏನೋ ಹೇಳಬೇಕಂತೆ, ಎನ್ನುತ್ತಿದ್ದಳು ಅಮ್ಮ. ಮೀಟಿಂಗ್ ಇದೆ ಎಂದು ಇಟ್ಟುಬಿಡುತ್ತಿದ್ದೆ. ನಾಲ್ಕು ತಿಂಗಳು ಹೀಗೆಯೇ. ನಡುವೆ ಆ ಕಂಪನಿಯವರ ವೆಬ್‌ಸೈಟು ಬಂತು. ನನ್ನ ಫೋನಿನಲ್ಲಿ ತೆರೆದು ನೋಡಿದೆ. ಬೆಟ್ಟ ಮೂಡುವುದಕ್ಕೇ ಒಂದು ನಿಮಿಷ, ಫೋನ್ ನಂಬರ್ ಎಲ್ಲೋ ತಳದಲ್ಲಿ ಇರುವೆಯಷ್ಟು. ನನಗೆ ಸಂತೋಷವಾಯಿತು. ಸುಳ್ಳು ಹೇಳುವುದಿಲ್ಲ, ಬಹಳ ಸಂತೋಷವಾಯಿತು. ಅನುಭವಿಸಲಿ ಎಂದುಕೊಂಡೆ.

ನೀನು ಶೆಡ್ಡಿನಲ್ಲಿ ಕುಸಿದು ಬಿದ್ದ ದಿನ ಅಮ್ಮನ ನಂಬರಿನಿಂದ ಫೋನ್ ಬಂತು. ನೀನೇ ಎಂದುಕೊಂಡು ಕತ್ತರಿಸಿದೆ. ಮತ್ತೆ ಬಂತು, ಮತ್ತೆ ಕತ್ತರಿಸಿದೆ. ಮೂರನೇ ಸಲ ಎತ್ತಿದೆ. ಇದನ್ನು ಯಾರಿಗೂ ಹೇಳಿಲ್ಲ. ಅಮ್ಮನೂ ಕೇಳಿಲ್ಲ.

ಎರಡು ತಿಂಗಳ ಹಿಂದೆ ನಿನ್ನ ಸಾಂಬಯ್ಯ ಕರೆ ಮಾಡಿದ. ನಿನ್ನ ಜೊತೆ ಇಪ್ಪತ್ತು ವರ್ಷ ಮರ ಕೊಯ್ದವನು, ಈಗ ಶೆಡ್ಡನ್ನು ಅವನೇ ನಡೆಸುತ್ತಿದ್ದಾನೆ. ಮೇಸ್ತ್ರಿಯ ಬೆಂಚಿನ ಖಾನೆ ಖಾಲಿ ಮಾಡಿಕೊಡಮ್ಮಾ, ನಾನು ಕೈ ಹಾಕುವುದಿಲ್ಲ ಎಂದ. ಹೋದೆ. ಸೀಮೆಸುಣ್ಣದ ಪೆಟ್ಟಿಗೆಯ ಕೆಳಗೆ ನನ್ನ ನಾಲ್ಕು ಹಾಳೆ ಇದ್ದವು. ಮೊದಲು ಗುರುತು ಸಿಗಲಿಲ್ಲ. ಹಾಳೆಯ ಕೆಳಭಾಗ ಪೂರ್ತಿ ಕರ್ರಗಾಗಿತ್ತು. ಬೆಳಕಿಗೆ ಹಿಡಿದಾಗ ಗೊತ್ತಾಯಿತು, ಎಲ್ಲ ಹೆಬ್ಬೆರಳಿನ ಗುರುತುಗಳು. ಗ್ರೀಸ್ ಹತ್ತಿದ ಹೆಬ್ಬೆರಳುಗಳು, ಒಂದರ ಮೇಲೆ ಒಂದು, ನಲವತ್ತೋ ಐವತ್ತೋ.

ಸಾಂಬಯ್ಯ ಅಲ್ಲೇ ನಿಂತುಕೊಂಡು ಎಲ್ಲ ಹೇಳಿದ. ನಾನು ಹೋದ ಸಂಜೆ ನೀನು ಫೋನಿಗೆ ಬಂದಿದ್ದ ಆ ಬಣ್ಣದ ಚಿತ್ರವನ್ನು ಮತ್ತೊಮ್ಮೆ ನೋಡಿದೆಯಂತೆ, ಎಡಗಡೆಯ ಸ್ಟೀರಿಂಗ್ ಆಗ ಕಣ್ಣಿಗೆ ಬಿತ್ತಂತೆ. ಆದರೆ ಮಾಲೀಕರ ಮುಂದೆ ಆ ಕಂಪನಿಗೆ ಮಾತು ಕೊಟ್ಟಾಗಿತ್ತು, ಹಿಂದೆ ತೆಗೆದುಕೊಳ್ಳಲು ನಿನ್ನ ಜಂಬ ಬಿಡಲಿಲ್ಲ. ಮಾರನೆಯ ದಿನದಿಂದ ಬಂದ ಬಂದ ಡ್ರೈವರಿಗೆಲ್ಲ ಒಂದು ಕೈಯಲ್ಲಿ ಚಹಾ, ಇನ್ನೊಂದು ಕೈಯಲ್ಲಿ ನನ್ನ ಹಾಳೆ. ಲಾರಿ ಕೆಟ್ಟಿದೆ, ನನಗೆ ಫೋನ್ ಮಾಡಬೇಕು, ಕಣ್ಣು ಮುಚ್ಚಿ ಎಲ್ಲಿ ಒತ್ತುತ್ತೀಯೋ ಒತ್ತು ಎನ್ನುತ್ತಿದ್ದೆಯಂತೆ.

ನಾನು ಬರೆದಿದ್ದ ಫೋನ್ ಬಟನ್ ಎಲ್ಲಿತ್ತು ಗೊತ್ತಲ್ಲ? ಮೇಲೆ, ಬಲಮೂಲೆಯಲ್ಲಿ, ನಿನ್ನ ಹೆಸರಿನ ಪಕ್ಕ. ಅಲ್ಲಿ ಒಂದೇ ಒಂದು ಗುರುತು ಇರಲಿಲ್ಲ, ಒಂದೇ ಕೈಯಲ್ಲಿ ಹಿಡಿದವನ ಹೆಬ್ಬೆರಳು ಅಲ್ಲಿಗೆ ಎಟುಕುವುದೇ ಇಲ್ಲ. ಹಾಲಿನಷ್ಟು ಬೆಳ್ಳಗಿತ್ತು ಆ ಮೂಲೆ. ನೀನು ಅದರ ಮೇಲೆ ಅಡ್ಡಗೆರೆ ಎಳೆದು, ಕೆಳಗೆ ಕರ್ರಗಾದ ಜಾಗದ ಸುತ್ತ ದೊಡ್ಡ ಸೊನ್ನೆ ಹಾಕಿದ್ದೆ. ಪಕ್ಕದಲ್ಲಿ ಕನ್ನಡದಲ್ಲಿ, "ಶೈಲಾಗೆ ಹೇಳಬೇಕು" ಎಂದು ಬರೆದಿದ್ದೆ.

ನೀನು ಫೋನ್ ಎತ್ತುತ್ತಿಲ್ಲ ಅಂತ ಮೇಸ್ತ್ರಿ ಹೇಳುತ್ತಿದ್ದರಮ್ಮಾ ಎಂದ ಸಾಂಬಯ್ಯ. ನನಗೆ ಅವನ ಮೇಲೂ ಸಿಟ್ಟು ಬಂತು.

ಹೇಳಬೇಕು, ಹೇಳಬೇಕು! ಹಾಗಾದರೆ ಹೇಳಬಾರದಿತ್ತೇ? ಅಮ್ಮನ ಹತ್ತಿರ ಒಂದು ಮಾತು ಹೇಳಿ ಕಳಿಸಲು ಏನು ಧಾಡಿಯಾಗಿತ್ತು? ಫೋಟೋ ತೆಗೆದು ಕಳಿಸಬಾರದಿತ್ತೇ? ಹಬ್ಬದ ದಿನ ಸಿಹಿ ತಿಂಡಿಯ ಫೋಟೋ ಕಳಿಸಲು ಬರುತ್ತಿತ್ತಲ್ಲ ನಿನಗೆ! ಮೂರು ಜನರ ಮುಂದೆ ನನ್ನ ಮರ್ಯಾದೆ ತೆಗೆದು, ಖಾನೆಯೊಳಗೆ ಒಬ್ಬನೇ ನನ್ನ ಕೆಲಸ ಮುಂದುವರಿಸಿದೆಯಾ? ಬೈದದ್ದು ಎಲ್ಲರಿಗೂ ಕೇಳಿಸಬೇಕು, ಮೆಚ್ಚಿದ್ದು ಸೀಮೆಸುಣ್ಣದ ಪೆಟ್ಟಿಗೆಗೆ ಮಾತ್ರ ಗೊತ್ತಿರಬೇಕು. ಇದು ಯಾವ ಸೀಮೆಯ ನ್ಯಾಯ? ನಿನ್ನನ್ನು ಕ್ಷಮಿಸುವುದಿಲ್ಲ ಎಂದು ಬರೆಯಲು ಹೊರಟಿದ್ದೆ. ಆದರೆ...

ಆ ಹಾಳೆಗಳನ್ನು ಮಡಿಲಲ್ಲಿಟ್ಟುಕೊಂಡು ರೈಲಿನಲ್ಲಿ ಬರುವಾಗ ಇನ್ನೊಂದು ವಿಷಯ ಹೊಳೆಯಿತು. ಅದಕ್ಕೆ ಇನ್ನೂ ಜಾಸ್ತಿ ಸಿಟ್ಟು, ಈ ಸಲ ನನ್ನ ಮೇಲೆ. ನಾನು ಯಾರ ಕೈಯಲ್ಲಿ ಒತ್ತಿಸಿದ್ದೆ? ಏಸಿಯಲ್ಲಿ ಕೂತ, ಎರಡೂ ಕೈ ಖಾಲಿ ಇರುವ ಐದು ಜನರ ಕೈಯಲ್ಲಿ. ಆಮೇಲೆ ಯಾರಿಗೆ ತೋರಿಸಲು ತಂದಿದ್ದೆ? ಡ್ರೈವರಿಗಲ್ಲ, ನಿನಗೆ. ಶೆಡ್ಡಿನ ಮಾಲೀಕನಿಗೆ. ಕಾಗದ ಹಿಡಿದಿದ್ದರೇನು, ಆ ಇಸ್ತ್ರಿ ಅಂಗಿಯವನು ಮಾಡಿದ್ದನ್ನೇ ನಾನೂ ಮಾಡಿದ್ದೆ. ಪೆನ್ಸಿಲು ಹಿಡಿದ ಮಾತ್ರಕ್ಕೆ ನಾನು ಸರಿ ಎಂಬ ಸೊಕ್ಕು ನನಗಿತ್ತು. ನೀನು ಇದ್ದಿದ್ದರೆ ಇದನ್ನು ಹಿಡಿದು ಇನ್ನೊಂದು ಹತ್ತು ವರ್ಷ ಆಡಿಕೊಳ್ಳುತ್ತಿದ್ದೆ. ಆಡಿಕೊಳ್ಳಲಾದರೂ ಇರಬೇಕಿತ್ತು.

ಈಗ ನಿನಗೆ ಗೊತ್ತಿಲ್ಲದ ಸುದ್ದಿ ಹೇಳುತ್ತೇನೆ. ಆ ಬೆಟ್ಟದ ವೆಬ್‌ಸೈಟ್ ತೆಗೆಸಿ ಹಾಕಿದೆ. ಒಂದು ವಾರ ರಜೆ ಹಾಕಿ ಶೆಡ್ಡಿನ ನೆಲದ ಮೇಲೆಯೇ ಕೂತು ಹೊಸದು ಬರೆದೆ, ಕಾಗದದ ಮೇಲೆ. ಪೇಂಟ್ ಡಬ್ಬದ ಮೇಲೆ ಡ್ರೈವರುಗಳನ್ನು ಕೂರಿಸಿ, ಸಾಂಬಯ್ಯನ ಕೈಯಲ್ಲಿ ಚಹಾ ಕೊಡಿಸಿ, ಕಣ್ಣು ಮುಚ್ಚಿಸಿ ಒತ್ತಿಸಿದೆ. ಯಂತ್ರವನ್ನೂ ಬಳಸಿದೆ, ಎಲ್ಲ ಮುಗಿದ ಮೇಲೆ, ಬಣ್ಣ ಹಚ್ಚಲಿಕ್ಕೆ ಮಾತ್ರ. ಒಂದೇ ಪುಟ. ನಿನ್ನ ಹೆಸರು, ಶೆಡ್ಡಿಗೆ ದಾರಿ, ಕೆಳಗೆ ನೀನು ಸೊನ್ನೆ ಹಾಕಿದ ಜಾಗದಲ್ಲೇ ಅಗಲವಾದ ಬಟನು. ಆಫೀಸಿನ ಹೊಸ ಹುಡುಗಿಯರು ಯಾವ ಟೂಲ್ ಕಲಿಯಬೇಕು ಎಂದು ಕೇಳಿದರೆ ನಿನ್ನ ಗ್ರೀಸ್ ಹಾಳೆ ತೆಗೆದು ಮೇಜಿನ ಮೇಲೆ ಇಡುತ್ತೇನೆ. ಮೊದಲು ಮೂಗು ಮುರಿಯುತ್ತಾರೆ, ಆಮೇಲೆ ತಮ್ಮ ಹೆಬ್ಬೆರಳನ್ನೂ ಇಟ್ಟು ನೋಡುತ್ತಾರೆ.

ಹೋದ ಗುರುವಾರ ಬಸ್ಸಿನಲ್ಲಿ ಆಫೀಸಿಗೆ ಹೋಗುತ್ತಿದ್ದೆ. ಒಬ್ಬ ಡ್ರೈವರು ಫೋನ್ ಮಾಡಿದ. ಏಲೂರು ದಾಟಿ ಹಿಂಬಾಗಿಲ ಕೀಲು ಮುರಿದು ನಿಂತಿದ್ದನಂತೆ. ಒಂದು ಕೈಯಲ್ಲಿ ಬಾಗಿಲು ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಫೋನ್ ಹಿಡಿದಿದ್ದನಂತೆ. ಕನ್ನಡ ಮೇಸ್ತ್ರಿ ಇದ್ದಾರಾ ಎಂದು ತೆಲುಗಿನಲ್ಲಿ ಕೇಳಿದ. ಮೇಸ್ತ್ರಿಯ ಮಗಳು ಮಾತಾಡುತ್ತಿದ್ದೇನೆ ಎಂದೆ. ಸಾಂಬಯ್ಯನಿಗೆ ಹೇಳಿ ಕಳಿಸಿದೆ, ಮಧ್ಯಾಹ್ನದೊಳಗೆ ಕೀಲು ಕೂರಿಸಿ ಬಂದ.

ಆ ಬಟನ್ ಒತ್ತಿದರೆ ಯಾವ ನಂಬರಿಗೆ ಹೋಗಬೇಕು ಎಂದು ಸಾಂಬಯ್ಯ ಮೊದಲೇ ಕೇಳಿದ್ದ. ತನ್ನದು ಕೊಡಲೇ ಎಂದ. ಬೇಡ ಎಂದೆ. ನಿನ್ನ ನಂಬರನ್ನೇ ಹಾಕಿದ್ದೇನೆ. ನಿನ್ನ ಆ ಗೀರು ಬಿದ್ದ ಫೋನು ಈಗ ನನ್ನ ಚೀಲದಲ್ಲಿ ಇರುತ್ತದೆ, ಮೀಟಿಂಗಿನಲ್ಲೂ ಮೇಜಿನ ಮೇಲೆ ಇರುತ್ತದೆ. ಅದರಲ್ಲಿ ನೀನು ಮಾಡಿದ ಕರೆಗಳ ಪಟ್ಟಿ ಇನ್ನೂ ಹಾಗೇ ಇದೆ, ಮೇಲಿನಿಂದ ಕೆಳಗಿನ ತನಕ ಒಂದೇ ಹೆಸರು. ನಿನ್ನ ಮೇಲಿನ ಸಿಟ್ಟು ಇಳಿದಿಲ್ಲ, ಇಳಿಯುವುದೂ ಇಲ್ಲ. ಆದರೆ ನಿನ್ನ ಫೋನು ಬಡಿದುಕೊಂಡಾಗ, ಅಪ್ಪ, ಮೊದಲ ರಿಂಗಿಗೇ ಎತ್ತುತ್ತೇನೆ.

ನಿನ್ನ,
ಶೈಲಾ