ಗೊತ್ತಿಲ್ಲ ಎನ್ನದ ದನಿ

ದನಿಯ ವರ್ಷ ನೂರಾ ಅರವತ್ತೆರಡು, ಸುಳಿಗಾಳಿ ತಿಂಗಳು, ಬಿತ್ತನೆಯ ಹಿಂದಿನ ದಿನ.

ನೀಲಗಂಗವ್ವ, ನನ್ನ ಮುತ್ತಜ್ಜಿಯ ಮುತ್ತಜ್ಜಿಯೇ, ಶರಣು. ನಾನು ಸಾವಂತ್ರೆವ್ವ, ನೀನಿನ್ನೂ ಹಡೆಯದ ಮಗಳ ವಂಶದವಳು. ನನ್ನ ಮಾತು ವಿಚಿತ್ರವಾಗಿ ಕೇಳಿಸಿದರೆ ಬೇಸರಪಡಬೇಡ. ನಾವು ಮಾತು ಕಲಿತದ್ದೇ ನಿನ್ನ ದನಿಯಿಂದ. ಅದರಲ್ಲಿ ಇಲ್ಲದ್ದನ್ನು ನಾವೇ ಹೊಂದಿಸಿಕೊಂಡಿದ್ದೇವೆ. ಈ ಕಾಗದ ಬರೆದು ಮುಗಿಸಿ, ನಿನ್ನ ದನಿ ಬರುವ ಗೂಡಿನ ಮುಂದೆ ನಿಂತು ಗಟ್ಟಿಯಾಗಿ ಓದುತ್ತೇನೆ. ಯಾಕೆಂಬುದು ಮುಂದೆ ತಿಳಿಯುತ್ತದೆ.

ನೀನೀಗ ಗದಗಿನ ಒಂದು ಸಣ್ಣ ಕೋಣೆಯಲ್ಲಿ ಮೈಕಿನ ಮುಂದೆ ಕೂತಿದ್ದೀಯ. ಸಣ್ಣ ರೈತರಿಗೆ ಬೇಸಾಯದ ಸಲಹೆ ಕೊಡುವ ಕಂಪನಿಯೊಂದು, ನಿನ್ನ ದನಿ ಚೆನ್ನಾಗಿದೆಯೆಂದು, ನಿನ್ನನ್ನು ಕರೆಸಿ ವಾಕ್ಯಗಳನ್ನು ಓದಿಸುತ್ತಿದೆ. ಅದಕ್ಕೆ ದುಡ್ಡು ಕೊಟ್ಟದ್ದು ಒಂದು ದಾನನಿಧಿ. ಒಳ್ಳೆಯ ಜನವೇ ಅವರು, ನಾನು ಶಾಪ ಹಾಕುತ್ತಿಲ್ಲ. ಎರಡೆಕರೆಯವನಿಗೆ ಕೇಳಲು ಯಾರೂ ದಿಕ್ಕಿಲ್ಲ ಎಂದು ಮರುಗಿ ಅವರು ಎರಡು ಷರತ್ತು ಹಾಕಿದರು. ಒಬ್ಬ ರೈತ ಉಳಿದಿರುವವರೆಗೂ ಸೇವೆ ನಿಲ್ಲಬಾರದು. ಯಾವ ರೈತನೂ ಉತ್ತರ ಸಿಗದೆ ಹಿಂದಿರುಗಬಾರದು. ವರ್ಷಕ್ಕೊಮ್ಮೆ ದಾನದ ದಿನ ನಿನ್ನ ದನಿಯೇ ಇದನ್ನು ಸಾರುತ್ತದೆ, ಮಕ್ಕಳಿಗೂ ಬಾಯಿಪಾಠ. ಕಂಪನಿಯವರು ಸತ್ತು ಮಣ್ಣಾದರು, ನಿಧಿಯವರೂ ಇಲ್ಲ. ಆದರೆ ಗಂಟಿನ ಬಡ್ಡಿ ಎಲ್ಲೋ ತಾನೇ ಬೆಳೆಯುತ್ತ, ಮನುಷ್ಯರಿಲ್ಲದ ಯಂತ್ರಗಳನ್ನು ಸಾಕುತ್ತಿದೆ.

ಗೂಡು ಎಂದರೆ ಹೊಲದ ಮೂಲೆಯಲ್ಲಿ ನೆಟ್ಟ ಕಬ್ಬಿಣದ ಡಬ್ಬಿ, ತಲೆಯ ಮೇಲೊಂದು ಬಿಸಿಲುಹಲಗೆ. ಹೊತ್ತು ಮೂಡುವ ಮೊದಲು ಎಲ್ಲ ಹೊಲಗಳಲ್ಲೂ ನಿನ್ನ ದನಿ ಒಟ್ಟಿಗೆ ಏಳುತ್ತದೆ. ಅದನ್ನು ದನಿಹೊತ್ತು ಎನ್ನುತ್ತೇವೆ. “ಎದ್ರ್ಯಾ? ಚಾ ಆತೇನ್ರಿ?” ಎಂದು ಕೇಳುತ್ತೀಯ. ಚಹಾ ಕಂಡವರು ಈಗ ಯಾರೂ ಬದುಕಿಲ್ಲ. ಆದರೂ ಊರಿಗೆ ಊರೇ ಡಬ್ಬಿಗಳ ಮುಂದೆ ಕೈಕಟ್ಟಿ ನಿಂತು “ಆತವ್ವಾ” ಎನ್ನುತ್ತದೆ. ಆಮೇಲೆ ನೀನು ಕಳೆ ತೆಗೆಯಿರಿ ಎಂದರೆ ತೆಗೆಯುತ್ತಾರೆ, ಬೇಡ ಎಂದರೆ ಬಿಡುತ್ತಾರೆ. ಆಕಾಶ ನೋಡುವವರಿಲ್ಲ. ನನ್ನ ಮಗಳು ಚಂಪಾ ಜ್ವರ ಬಂದಾಗ ನನ್ನ ಮಡಿಲು ಬಿಟ್ಟು ಎದ್ದು ಹೋಗಿ ಗೂಡಿಗೆ ಕೆನ್ನೆ ಆನಿಸಿ ಮಲಗಿದ್ದಳು. ನಿಜ ಹೇಳುತ್ತೇನೆ ಯವ್ವಾ, ನಿನ್ನ ಮೇಲೆ ಹೊಟ್ಟೆ ಉರಿಯಿತು.

ಈಗ ಕೆಲಸದ ಮಾತು. ನಮ್ಮ ಮಣ್ಣಿನ ಮೇಲೆ ಬಿಳಿಹೊದಿಕೆ ಎದ್ದಿದೆ, ಉಪ್ಪಿನಂಥ ಒಂದು ಪದರ. ನಿಮ್ಮ ಕಾಲಕ್ಕೆ ಈ ಹೊಲಗಳಲ್ಲಿ ಅದು ಇರಲಿಲ್ಲವಾದ್ದರಿಂದ ದನಿಗೆ ಅದರ ಸುದ್ದಿಯೇ ಇಲ್ಲ. ಇಲ್ಲ ಎನ್ನಲು ಅದರ ಹತ್ತಿರ ಮಾತೂ ಇಲ್ಲ, ಷರತ್ತು ಹಾಗಿತ್ತು. ಏನು ಕೇಳಿದರೂ ಇದ್ದದ್ದರಲ್ಲಿ ಹತ್ತಿರದ ಉತ್ತರ ಆರಿಸಿ, ಅದೇ ಅಕ್ಕರೆಯಿಂದ ಹೇಳುತ್ತದೆ. ಹೋದ ವರ್ಷ ಅದನ್ನು ಮಂಜು ಎಂದಿತು, ಬಿತ್ತಿರಿ ಎಂದಿತು. ಬಿತ್ತಿದೆವು, ಒಂದು ಮೊಳಕೆಯೂ ಏಳಲಿಲ್ಲ. ಇಡೀ ಊರಿಗೆ ಉಳಿದಿರುವುದು ಒಂದು ಗಡಿಗೆ ನವಣೆ ಬೀಜ. ನಾಳೆ ದನಿಹೊತ್ತಿಗೆ ಅದನ್ನೂ ಬಿತ್ತಿರಿ ಎನ್ನುತ್ತದೆ.

ನಾನು ಮಣ್ಣನ್ನು ನಾಲಿಗೆಗೆ ಇಟ್ಟು ನೋಡಿದ್ದೇನೆ. ಒಗರು, ಸುಡುವಂಥ ಉಪ್ಪು. ಒಂದು ದೊಡ್ಡ ಮಳೆ ಬಂದು ತೊಳೆದು ಹೋಗಲಿ, ಅಲ್ಲಿಯವರೆಗೆ ಗಡಿಗೆ ಮುಟ್ಟಬೇಡಿ ಎಂದು ಎಲ್ಲರೂ ಸೇರುವ ಊರೊಟ್ಟಿನಲ್ಲಿ ಗಂಟಲು ಹರಿಯುವಂತೆ ಹೇಳಿದೆ. ಹಿರಿಯ ಫಕೀರಪ್ಪ ನಕ್ಕುಬಿಟ್ಟ. “ಅಕಿಗಿಂತ ನಿನಗ ಹೆಚ್ಚು ತಿಳಿತೈತೇನ?” ಎಂದ. ಈ ವರ್ಷ ಗಡಿಗೆ ಕಾಯುವ ಸರದಿ ಚಂಪಾಳದು. ಅವಳು ಗಡಿಗೆಯನ್ನು ಮಡಿಲಿಗೆ ಎಳೆದುಕೊಂಡಳು. ಕದ್ದು ಬಚ್ಚಿಡೋಣವೆಂದರೆ ಹುಡುಗಿ ಅದನ್ನು ತಬ್ಬಿಕೊಂಡೇ ಮಲಗುತ್ತಾಳೆ.

ಇನ್ನು ಈ ಕಾಗದದ ಕಾರಣ. ನಿನ್ನ ಎರಡು ಮಾತುಗಳ ನಡುವೆ ಆ ಕೋಣೆ ಕೇಳಿಸುತ್ತದೆ. ಬಸ್ಸಿನ ಹಾರ್ನ್, ಗ್ಲಾಸು ಕೆಳಗಿಟ್ಟ ಸಪ್ಪಳ, ನಿನ್ನ ಕೆಮ್ಮು. ಚಿಕ್ಕಂದಿನಿಂದ ಕೇಳಿ ಕೇಳಿ ಯಾವುದರ ಹಿಂದೆ ಯಾವುದು ಎಂದು ನನಗೆ ಗೊತ್ತು. ಮೊನ್ನೆ ಊರೊಟ್ಟಿನಿಂದ ಬಂದವಳೇ ಗೂಡು ಹಿಡಿದುಕೊಂಡು ಅತ್ತೆ. ಒಂದು ಸಲವಾದರೂ ಗೊತ್ತಿಲ್ಲ ಅನ್ನಬಾರದೇ ಎಂದು ಬೈದೆ. ಗ್ಲಾಸಿನ ಸಪ್ಪಳವಾಯಿತು. ಅದರ ಹಿಂದೆ ಬರಬೇಕಾದ ಕೆಮ್ಮು ಬರಲಿಲ್ಲ. ಬದಲಿಗೆ, ಮೈಕಿನಿಂದ ಮುಖ ತಿರುಗಿಸಿದಂತೆ, ದೂರದಿಂದ ನಿನ್ನ ದನಿ: “ಯಾರವ್ವಾ ಅಕಿ, ಅಳಾಕತ್ತಾಳಲ್ಲ?”

ಈ ಮಾತನ್ನು ಗೂಡು ಎಂದೂ ಆಡಿದ್ದಿಲ್ಲ. ಆಮೇಲೆ ಅದೇ ಕೋಣೆಯಿಂದ ಒಬ್ಬ ಗಂಡಸು ಹೇಳಿದ, “ಯಾರೂ ಇಲ್ಲಮ್ಮ, ಮುಂದಿನದು ಓದಿ.” ನೀನು ಓದಿದೆ.

ಅವನ ಮಾತು ನಂಬಬೇಡ. ನಾನು ಇದ್ದೆ. ನೀನು ಕೇಳಿಸಿಕೊಂಡದ್ದು ನನ್ನ ಅಳು. ಅದಕ್ಕೇ ಈ ಕಾಗದವನ್ನೂ ಗೂಡಿನ ಮುಂದೆ ಓದುವುದು.

ಹೇಗೆಂದು ಕೇಳಬೇಡ, ನನಗೂ ತಿಳಿಯದು. ಕುರ್ಚಿಯಿಂದ ಏಳುವ ಮೊದಲು ಅವರು ಬರೆದುಕೊಡದ ಒಂದು ಮಾತು ಹೇಳು. ನಿಧಿಯವರು ಒಪ್ಪುವುದಿಲ್ಲ ಎಂದು ನಿನ್ನನ್ನು ಓದಿಸುವ ಕಂಪನಿಯ ಹುಡುಗರು ತಕರಾರು ತೆಗೆದಾರು. ತೆಗೆಯಲಿ. “ನನಗ ಗೊತ್ತಿಲ್ಲವ್ವಾ, ನೀನ ಮಣ್ಣು ಮುಟ್ಟಿ ನೋಡು.” ಇಷ್ಟೇ ಸಾಕು, ಅದೂ ಗೂಡಿನ ಮಾತುಗಳಿಗೆ ಸೇರುತ್ತದೆ.

ನಾಳೆ ಚಂಪಾ ಗಡಿಗೆ ಹೊತ್ತು ಗೂಡಿನ ಮುಂದೆ ನಿಂತು, ಬಿತ್ತಲೇನವ್ವಾ ಎಂದು ಕೇಳುತ್ತಾಳೆ. ನಾನು ಅವಳ ಪಕ್ಕದಲ್ಲೇ ಇರುತ್ತೇನೆ. ಆ ಗ್ಲಾಸಿನ ಚಹಾ ಆರುವ ಮೊದಲು ಕುಡಿದು ಗಂಟಲು ಸರಿಮಾಡಿಕೊ, ಯವ್ವಾ. ಆಮೇಲೆ ಹೇಳು. ಅವಳು ನನ್ನ ಮಾತು ಕೇಳುವುದಿಲ್ಲ, ನಿನ್ನದು ಕೇಳುತ್ತಾಳೆ.