ಹಳದಿಗೆ ತಿರುಗಿದ ಆರತಿ

೨೮ ಜುಲೈ ೧೯೪೧. ಸೋಮವಾರ, ಬೆಳಿಗ್ಗೆ

ಶ್ರಾವಣದ ಮೊದಲ ಸೋಮವಾರ. ಒಪ್ಪತ್ತು. ಸಂಜೆ ಪೂಜೆ ಆದಮೇಲೇ ಊಟ. ಬಾಗಿಲಿಗೆ ಸಗಣಿ ನೀರು ಹಾಕಿ ರಂಗೋಲಿ ಬಿಟ್ಟಾಯ್ತು. ಹಸು ಕರೆದಾಯ್ತು — ಇವತ್ತೂ ಒದೀತು. ದೀಪದ ಕಂಬ, ಆರತಿ ತಟ್ಟೆ ಎಲ್ಲಕ್ಕೂ ಹುಣಿಸೆಹಣ್ಣು ಬಳಿದು ಇಟ್ಟಿದೀನಿ. ಅಂತರಸಂತೆ ಹುಣಿಸೆ. ನಾಲಿಗೆ ಮೇಲಿಟ್ಟರೆ ಕಣ್ಣು ಮುಚ್ಚಿಕೊಳ್ಳುತ್ತೆ, ಹಿತ್ತಾಳೆ ಮೇಲಿಟ್ಟರೆ ಕಣ್ಣು ಕುಕ್ಕುತ್ತೆ.

ಮಗಳು ಸುನಂದ ಹಜಾರದಲ್ಲಿ ಒದರ್ತಿದಾಳೆ. ಹೈಸ್ಕೂಲಲ್ಲಿ ಸೈನ್ಸ್ ಟೆಸ್ಟಂತೆ. ಈ ನೋಟುಬುಕ್ಕೂ ಅವಳದೇ, ಹೋದ ವರ್ಷದ್ದು. ಹಿಂದಿನ ಹಾಳೆ ಖಾಲಿ ಇತ್ತು, ನಾನು ಇಟ್ಟುಕೊಂಡೆ. ಎಲ್ಲಾ ವಸ್ತುವೂ ಆಟಮ್ಮಿಂದ ಆಗಿದೆಯಂತೆ. ಕಣ್ಣಿಗೆ ಕಾಣೋಲ್ಲವಂತೆ. ನಡುವೆ ಒಂದು ಗಟ್ಟಿ. ಅದರ ಸುತ್ತ ಎಲೆಕ್ಟ್ರಾನುಗಳು ಸುತ್ತುತ್ತಲೇ ಇರ್ತವಂತೆ.

"ಗರ್ಭಗುಡಿ, ಪ್ರದಕ್ಷಿಣೆ. ಇಷ್ಟು ತಿಳಿಯೋಕೆ ಹೈಸ್ಕೂಲಿಗೆ ಹೋಗಬೇಕಾ?" ಅಂದೆ.

"ಮಧ್ಯೆ ಎಲ್ಲಾ ಖಾಲಿ ಕಣಮ್ಮ. ಆಟಮ್ಮಲ್ಲಿ ಹೆಚ್ಚುಪಾಲು ಏನೂ ಇಲ್ಲ."

ಒಳಗಿಂದ ಸಾಕಮ್ಮ — "ಸೋಮವಾರ ನಿಮ್ಮಮ್ಮನ ಹೊಟ್ಟೆ ಇದ್ದಂಗೆ ಅನ್ನು."

ಸಾಕಮ್ಮ ಯಜಮಾನರ ತಂಗಿ. ಇಪ್ಪತ್ತಕ್ಕೇ ಗಂಡ ಹೋದ. ಅವತ್ತಿಂದ ನಮ್ಮ ಜೊತೆಗೇ. ಬಾಯಿಗೆ ಬಾಗಿಲಿಲ್ಲ.

ಇವತ್ತು ಊರ ಆ ತುದಿಯ ಚಲುವಯ್ಯನವರ ಮನೆಗೆ ಹೋಗಬೇಕು. ಆಷಾಢಕ್ಕೆ ತೌರಿಗೆ ಹೋಗಿದ್ದ ಹೊಸ ಸೊಸೆ ವಾಪಸು ಬರ್ತಾಳೆ, ಹೊಸಲಲ್ಲಿ ಆರತಿ ಎತ್ತಬೇಕು. ಹುಣಸೂರಲ್ಲಿ ನಮ್ಮವರ ಯಾರ ಮನೆ ಶುಭಕ್ಕೂ ಆರತಿ ನಂದೇ. ಕೈಗುಣ ಅಂತಾರೆ. ಬೇರೆಯವರು ಅರಿಶಿನಕ್ಕೆ ಸುಣ್ಣ ಕಲೆಸಿದರೆ ನೀರು ಇಟ್ಟಿಗೆ ಬಣ್ಣ, ನಾನು ಕಲೆಸಿದರೆ ದಾಸವಾಳ. ಮೂವತ್ತು ವರ್ಷದಿಂದ ಹಂಗೇ. ನಾನೇನೂ ಹೇಳಿಕೊಂಡಿಲ್ಲ. ಹೇಳೋರನ್ನ ತಡೆದೂ ಇಲ್ಲ.

ಅಯ್ಯೋ, ಆಳು ನಿಂಗರಾಜು ಆಗಲೇ ಗಾಡಿ ಕಟ್ಟಿ ನಿಂತವನೆ. ತಟ್ಟೆ ಇನ್ನೂ ತೊಳೆದಿಲ್ಲ —

ಅದೇ ದಿನ, ದೀಪ ಹಚ್ಚೋ ಹೊತ್ತು

ಅಕ್ಷರ ಸೊಟ್ಟ.

ಚೊಂಬಲ್ಲಿ ಕಲೆಸಿದಾಗ ನೀರು ಕೆಂಪಗೇ ಇತ್ತು. ತಟ್ಟೆಗೆ ಸುರಿದೆ. ಒಂದು ಸುತ್ತು ಎತ್ತಿದೆ — ಕಿತ್ತಳೆ. ಎರಡನೇ ಸುತ್ತು — ಮಾವಿನಹಣ್ಣು. ಮೂರನೇದಕ್ಕೆ ಬರೀ ಹಳದಿ, ಕಾಮಾಲೆ ಕಣ್ಣಿನ ಹಂಗೆ. ಸೊಸೆ ಹುಡುಗಿ ದೇವೀರಿ ಅಕ್ಕಿ ಸೇರು ಒದೆಯೋಕೆ ಎತ್ತಿದ ಕಾಲು ಎತ್ತಿದಂಗೇ, ಕೊಕ್ಕರೆ ನಿಂತ ಹಂಗೆ ನಿಂತಳು. ಓಲಗದವನೂ ಊದೋದು ನಿಲ್ಲಿಸಿದ.

ಅವರ ಪಕ್ಕದ ಮನೆ ಚಿಕ್ಕಬಸಮ್ಮ ಕೂಗಿದಳು — "ಶಿವನೇ, ಆರತಿ ಬಿಳಿಚ್ಕತ್ತಲ್ಲಾ! ಇದು ಕೈಗುಣವೋ, ಕಾಲ್ಗುಣವೋ?"

ಚಲುವಯ್ಯನ ಹೆಂಡತಿ ಚಿಕ್ಕಸಿದ್ದಮ್ಮ ನನ್ನ ಕೈ ನೋಡಿದಳು. "ಪುಟ್ಟತಾಯಮ್ಮನ ಕೈ ಮೂವತ್ತು ವರ್ಸದಿಂದ ನೋಡಿವ್ನಿ. ಕೈದೇನೂ ಇಲ್ಲ" ಅಂದಳು.

ಆಗ ಎಲ್ಲರೂ ಹುಡುಗಿ ಕಾಲು ನೋಡಿದರು. ನಾನೂ ನೋಡಿದೆ.

೩೦ ಜುಲೈ. ಬುಧವಾರ

ದೇವೀರಿಯನ್ನ ಬಂದ ಗಾಡೀಲೇ ಅಂತರಸಂತೆಗೆ ವಾಪಸು ಕಳಿಸಿದರು. ಶಾಸ್ತ್ರ ಕೇಳೋಗಂಟ ತೌರಲ್ಲಿರ್ಲಿ ಅಂತ. ಶಾಸ್ತ್ರ ಯಾವಾಗ ಕೇಳ್ತಾರೋ ಯಾರೂ ಹೇಳ್ನಿಲ್ಲ. ನನ್ನ ಬಗ್ಗೆ ಒಂದು ಮಾತೂ ಇಲ್ಲ. ಊರ ಬಾವಿ ಹತ್ತಿರ ಚಿಕ್ಕಬಸಮ್ಮ ಕೂಡ ನನ್ನ ಬಿಂದಿಗೆ ಮೊದಲು ತುಂಬಿಸಿಕೊಟ್ಟಳು.

ತುಪ್ಪದ ದೀಪ ಹಚ್ಚಿದೆ. ಯಾಕೆ ಹಚ್ಚಿದೆ ಅಂತ ಬರೆಯೋಲ್ಲ.

೧ ಆಗಸ್ಟ್. ಶುಕ್ರವಾರ

ವರಮಹಾಲಕ್ಷ್ಮಿ. ಹಬ್ಬ ಚೆನ್ನಾಗಾಯ್ತು. ಹೋಳಿಗೆ ಒಂದೂ ಹರೀಲಿಲ್ಲ.

ನಿನ್ನೆ ಸ್ಕೂಲಿಂದ ಸುನಂದ ಒಂದು ನೀಲಿ ಕಾಗದದ ಚೂರು ತಂದಿದ್ದಳು. ಲಿಟ್ಮಸ್ಸಂತೆ. ಹುಳಿಗೆ ಅದ್ದಿದರೆ ಕೆಂಪು, ಸುಣ್ಣದ ತಿಳಿಗೆ ಅದ್ದಿದರೆ ಮತ್ತೆ ನೀಲಿ. ಹುಳಿ ಅಂದ್ರೆ ಆಸಿಡ್ಡು, ಸುಣ್ಣ ಅಂದ್ರೆ ಅದರ ವೈರಿ. ಒಂದನ್ನೊಂದು ತಿಂದುಹಾಕ್ತವಂತೆ. ಸೈನ್ಸ್ ಮೇಷ್ಟ್ರು ವೀರಭದ್ರಸ್ವಾಮಿಯವರು ಹೇಳಿದರಂತೆ — ಈ ಕಾಗದ ಇಲ್ಲದಿದ್ದರೆ ಅರಿಶಿನವೇ ಸಾಕು, ಪ್ರತಿ ಅಡಿಗೆಮನೆಯೂ ಲ್ಯಾಬೊರೇಟರಿ ಅಂತ.

"ಅರಿಶಿನ ದೇವರ ಸಾಮಾನು. ಮೇಷ್ಟ್ರಿಗೆ ಹೇಳು, ಕೈಕಾಲು ತೊಳಕೊಂಡು ಮುಟ್ಟಲಿ" ಅಂದೆ.

"ಅದಿರ್ಲಿ. ಅವತ್ತು ನೀನು ತಟ್ಟೆ ತೊಳೆದಿದ್ಯೇನಮ್ಮ?"

"ಊಟಕ್ಕೆ ಏಳು."

"ಅದು ಉತ್ತರ ಅಲ್ಲ."

ಅವಳಿಗೆ ಅದೇ ಉತ್ತರ.

ತೊಳೆದಿರಲಿಲ್ಲ. ಸೆರಗಲ್ಲಿ ಒರೆಸಿದ್ದೆ.

೪ ಆಗಸ್ಟ್. ಸೋಮವಾರ

ಎರಡನೇ ಸೋಮವಾರ. ಒಪ್ಪತ್ತು. ಎಲ್ಲರೂ ಹೊಲಕ್ಕೆ ಹೋದ ಮೇಲೆ ಅಡಿಗೆಮನೆ ಬಾಗಿಲು ಹಾಕಿಕೊಂಡೆ. ಸ್ವಾಮಿಗೆ ಕೈಮುಗಿದೆ. ತಪ್ಪಾದರೆ ನನ್ನ ಮೇಲೆ ಹಾಕು, ಸುನಂದನ ಮೇಲೆ ಬೇಡ ಅಂದೆ.

ದೊನ್ನೆಗೆ ಅರಿಶಿನದ ನೀರು. ಚೂರು ಸುಣ್ಣ. ಕೆಂಪಾಯ್ತು. ಹುಣಿಸೆ ರಸ ನಾಲ್ಕು ತೊಟ್ಟು... ಹಳದಿ. ಮತ್ತೆ ಸುಣ್ಣ — ಕೆಂಪು. ಮತ್ತೆ ಹುಳಿ — ಹಳದಿ. ಏಳು ಸಲ ಮಾಡಿದೆ. ಏಳು ಸಲವೂ ಗೋಸುಂಬೆ ಆಟ. ಕಡೆಕಡೆಗೆ ಭಯ ಹೋಗಿ ಮಜಾ ಬಂತು. ಇದನ್ನ ಯಾರಿಗೂ ಹೇಳಬಾರದು.

ಹಿಂದೆ ತಿರುಗಿದರೆ ಸಾಕಮ್ಮ. ಹಿತ್ತಲ ಬಾಗಿಲು ಮರೆತಿದ್ದೆ.

"ಉಪಾಸ ಅಂದ್ಬುಟ್ಟು ಕದ್ದು ಹುಳಿ ನೆಕ್ತಿದೀಯೇನತ್ತಿಗೆ? ಈ ವಯಸ್ಸಲ್ಲಿ ಬಯಕೆಯಾ?"

ಹೇಳಲೇಬೇಕಾಯ್ತು. ತಟ್ಟೆ ನಡುವಿನ ಕಮಲದ ಗೆರೇಲಿ ಹುಣಿಸೆ ಉಳಿದಿತ್ತು ಅಂತ ಹೇಳಿದೆ. ಇನ್ನೊಂದೂ ಹೇಳಿದೆ. ಮೂವತ್ತು ವರ್ಷದಿಂದ ನನ್ನ ಆರತಿ ದಾಸವಾಳ ಆಗ್ತಿದ್ದುದು ಯಜಮಾನರ ಎಲೆಅಡಿಕೆ ಡಬ್ಬಿಯ ಸುಣ್ಣದಿಂದ. ಬೇರೆಯವರು ಉಗುರಷ್ಟು ಹಾಕಿದರೆ ನಾನು ಬೆರಳಷ್ಟು. ಹಿಂದೆಲ್ಲಾ ಹುಳಿ ಉಳಿದಿದ್ದರೂ ಸುಣ್ಣ ಗೆದ್ದಿರುತ್ತೆ. ಅವತ್ತು ಡಬ್ಬಿ ಅವರ ಸೊಂಟದಲ್ಲಿ ಹೊಲಕ್ಕೆ ಹೋಗಿತ್ತು. ಗೋಡೆ ಗೂಡಲ್ಲಿ ಸಿಕ್ಕಿದ ಒಣ ಚೂರಲ್ಲೇ ಕಲೆಸಿದ್ದೆ.

ಸಾಕಮ್ಮ ನಕ್ಕು ನಕ್ಕು ನೆಲಕ್ಕೆ ಕೂತಳು. "ಅಂಗಾರೆ ಕೈಗುಣ ನಿಂದಲ್ಲ, ನಮ್ಮಣ್ಣನ ಬಾಯಿಗುಣ!"

ಆಮೇಲೆ ನಗು ನಿಲ್ಲಿಸಿದಳು. ಎದ್ದು ಕೈ ತೊಳೆದಳು. ನನ್ನನ್ನ ಕೇಳದೇ ಇನ್ನೊಂದು ದೊನ್ನೆ ತಗೊಂಡು ತಾನೇ ಕಲೆಸಿದಳು. ಇಪ್ಪತ್ತೈದು ವರ್ಷದಲ್ಲಿ ಅವಳು ಆರತಿ ನೀರು ಮುಟ್ಟಿದ್ದು ಇದೇ ಮೊದಲು.

ನನ್ನದಕ್ಕಿಂತ ಕೆಂಪು.

ಸಾಕಮ್ಮ ಎರಡೂ ದೊನ್ನೆ ಪಕ್ಕಪಕ್ಕ ಇಟ್ಟಳು. "ಬಣ್ಣಕ್ಕೆ ನಾನ್ಯಾರು ಅಂತ ತಿಳೀನಿಲ್ಲ ನೋಡು" ಅಂದಳು.

ಸಂಜೆ ಸುನಂದನ್ನ ಕೇಳಿದೆ — "ಒಬ್ಬೊಬ್ಬರ ಕೈಲಿ ಒಂದೊಂದು ತರಾ ಆಟಮ್ಮು ಇರ್ತದೇನೆ?"

"ಇಲ್ಲಮ್ಮ. ಎಲ್ಲರದೂ ಇಂಗಾಲ, ಜಲಜನಕ, ಆಮ್ಲಜನಕ. ಬಳೆ ಐತೋ ಇಲ್ವೋ ಅಂತ ಆಟಮ್ಮು ನೋಡಲ್ಲ."

ನಾನು ಬಳೆ ಮಾತೇ ಎತ್ತಿರಲಿಲ್ಲ. ಹುಡುಗಿ ಚುರುಕು.

೧೪ ಆಗಸ್ಟ್. ಗುರುವಾರ

ಹತ್ತು ದಿನ ಬರೀಲಿಲ್ಲ. ಬರೆಯೋಕೆ ಏನೂ ಇರಲಿಲ್ಲ... ಸುಳ್ಳು. ಇತ್ತು.

ನಿಂಗರಾಜು ಅಂತರಸಂತೆ ಸಂತೆಗೆ ಹೋಗಿದ್ದ. ಕೆರೆ ಏರಿ ಮೇಲೆ ದೇವೀರಿ ಕಂಡಳಂತೆ. "ಹೆಜ್ಜೆ ಇಕ್ಕೋಕ್ ಮುಂಚೆ ಕಾಲ್ ನೋಡ್ಕತ್ತಾಳೆ ಕಣವ್ವ. ಬ್ಯಾರೆ ಯಾರ್ದೋ ಕಾಲು ಅನ್ನಂಗೆ."

ಇತ್ತ ಚಿಕ್ಕಬಸಮ್ಮ ಬಂದಿದ್ದಳು. ಮೊಮ್ಮಗನ ನಾಮಕರಣಕ್ಕೆ ಆರತಿ ಎತ್ತಬೇಕಂತೆ. "ನಿಮ್ ಕೈನೇ ಆಗ್ಬೇಕು ಕಣ್ರೀ." ಹೂಂ ಅಂದೆ. ಅನ್ನುವಾಗ ಕೈ ಸೆರಗಿನೊಳಗೆ ಇಟ್ಟುಕೊಂಡಿದ್ದೆ.

ಹೇಳಿದರೆ ಹುಡುಗಿ ಮನೆಗೆ ಬರ್ತಾಳೆ. ಹೇಳಿದರೆ ನನ್ನದು ಬರೀ ಕೈ. ಮುದ್ದೆ ತಿರುವೋ ಕೈ.

ಸಂಜೆ ಸುನಂದ ಸುತ್ತಿನ ಪಾಠ ಓದಿದಳು. ಎಲೆಕ್ಟ್ರಾನುಗಳು ಪಂಕ್ತೀಲಿ ಕೂರ್ತವಂತೆ. ಮೊದಲ ಪಂಕ್ತಿಗೆ ಎರಡೇ ಎಲೆ, ಎರಡನೇದಕ್ಕೆ ಎಂಟು. ಸೋಡಿಯಂ ಅಂತ ಒಂದು ಲೋಹ. ಅದರ ಕಡೇ ಪಂಕ್ತೀಲಿ ಒಂದೇ ಒಂದು, ಒಂಟಿ. ಕ್ಲೋರಿನ್ ಅಂತ ಇನ್ನೊಂದು. ಅದಕ್ಕೆ ಒಂದು ಕಮ್ಮಿ. ಸೋಡಿಯಂ ತನ್ನದನ್ನ ಅದಕ್ಕೆ ಕೊಟ್ಟುಬಿಡುತ್ತೆ. ಆಗ ಉಪ್ಪಾಗುತ್ತೆ. ನಮ್ಮ ಮಡಕೇಲಿರೋ ಉಪ್ಪು!

"ಇದ್ದಿದ್ದೊಂದು ಕೊಟ್ಬುಟ್ರೆ ಅದು ಕೆಡಲ್ವೇನೆ?"

"ಕೊಟ್ಟ ಮೇಲೇ ಅಮ್ಮ ಅದಕ್ಕೆ ನೆಮ್ಮದಿ. ಇಟ್ಕೊಂಡಿದ್ರೆ ನೀರಿಗೆ ಹಾಕಿದ್ರೂ ಉರೀತದೆ."

ಇವತ್ತು ಎರಡು ಸಲ ತಣ್ಣೀರಲ್ಲಿ ಸ್ನಾನ ಮಾಡಿದೆ. ಏನೂ ಪ್ರಯೋಜನ ಆಗಲಿಲ್ಲ.

೧೮ ಆಗಸ್ಟ್. ಸೋಮವಾರ, ಬೆಳಿಗ್ಗೆ

ಕಡೇ ಶ್ರಾವಣ ಸೋಮವಾರ. ಒಪ್ಪತ್ತು.

ನಿನ್ನೆ ಹೇಳೇಬಿಡೋಣ ಅಂತ ಚಿಕ್ಕಸಿದ್ದಮ್ಮನ ಮನೆಗೆ ಹೋಗಿದ್ದೆ. ಬಾಯಿ ತೆಗೆದರೆ ಕುಂಬಳಕಾಯಿ ಮಾತು ಬಂತು. ಒಂದು ಗಂಟೆ ಕುಂಬಳಕಾಯಿ. ಕಡೆಗೆ ಒಂದು ಕಾಯಿ ಹೊತ್ತುಕೊಂಡು ಬಂದೆ. ಸಾಕಮ್ಮ ನನ್ನ ಮುಖ ನೋಡಿದಳು, ಕಾಯಿ ನೋಡಿದಳು. ಹುಳಿಗೆ ಹೆಚ್ಚಿದಳು.

ಅದಕ್ಕೇ ಇವತ್ತು ಕಾಗದ ಬರೆದೆ. ಚಿಕ್ಕಸಿದ್ದಮ್ಮನಿಗೆ ಓದು ಬಾರದು, ಚಲುವಯ್ಯನೇ ಹಜಾರದಲ್ಲಿ ಕೂತು ಓದ್ತಾನೆ. ಅವನ ಗಂಟಲಿಗೆ ಅದು ಊರಿಗೇ ಓದಿದಂಗೆ. ಆಗಲಿ.

ಎಲ್ಲಾ ಬರೆದೆ. ಹುಣಿಸೆ, ಸೆರಗು, ಸುಣ್ಣದ ಡಬ್ಬಿ. ನಂಬಿಕೆ ಬರದಿದ್ದರೆ ನೀವೇ ಕಲೆಸಿ ನೋಡಿ ಅಂತಲೂ ಬರೆದೆ. ಹುಡುಗಿ ಕಾಲಲ್ಲಿ ಏನೂ ಇಲ್ಲ, ನನ್ನ ಕೈಲೂ ಏನೂ ಇಲ್ಲ. ಬರೋ ಸೋಮವಾರ ಗೌರಿ ಹಬ್ಬ, ಅಷ್ಟರೊಳಗೆ ಕರೆಸಿಕೊಳ್ಳಿ. ತಟ್ಟೆ ನಾನೇ ತೊಳೀತೀನಿ, ಮೂರು ಸಲ. ಆದರೆ ನೀರು ಸಾಕಮ್ಮ ಕಲೆಸ್ತಾಳೆ, ನನ್ನ ಪಕ್ಕದಲ್ಲೇ ನಿಲ್ತಾಳೆ. ಒಪ್ಪಿಗೆಯೋ ಇಲ್ಲವೋ, ಅದಕ್ಕೊಂದು ಉತ್ತರ ಬರೆಸಿ.

ಸುನಂದ ಕೆಳಗೆ ಒಂದು ಆಟಮ್ಮಿನ ಚಿತ್ರ ಬರೀತೀನಿ ಅಂದಳು. ಬೇಡ ಅಂದೆ. ಆಮೇಲೆ ಚಿಕ್ಕದಾಗಿ ಬರಿ ಅಂದೆ.

ಪೂಜೆಗೆ ಕೂತಾಗ ಅನುಮಾನ ಬಂತು. ಎಲ್ಲಾ ಹುಳಿ ಸುಣ್ಣ ಆದರೆ ಸ್ವಾಮಿ ಎಲ್ಲಿ? ಅರಿಶಿನ ಕೆಂಪಾಗಲಿ ಅಂತ ಇಟ್ಟೋನು ಅವನೇ. ನಾನಲ್ಲ. ಅಷ್ಟೇ ವ್ಯತ್ಯಾಸ. ಹೂ ಏರಿಸಿದೆ.

ಮಧ್ಯಾಹ್ನ

ಸಾಕಮ್ಮ ಸೀರೆ ಬದಲಾಯಿಸಿ ಜಗುಲಿ ಮೇಲೆ ಕೂತವಳೆ. ಯಾಕೆ ಅಂದರೆ, "ಸುಮ್ನೆ, ಗಾಳಿಗೆ." ಗಾಳಿ ಎಲ್ಲಿದೆ? ಎಲೆ ಅಲ್ಲಾಡ್ತಿಲ್ಲ.

ನಿಂಗರಾಜು ಬಂದ. "ಕೊಟ್ಟೆ ಕಣವ್ವ."

"ಉತ್ತರ?"

"ಉತ್ತರ ತಗಬಾ ಅಂತ ನೀವೆಲ್ಲಿ ಹೇಳುದ್ರಿ?"

"ಏನಂದರೋ ಮಾರಾಯ?"

"ಚಲುವಯ್ಯನೋರು ಓದ್ತಿದ್ರು, ಬೀದಿಗೆಲ್ಲಾ ಕೇಳಂಗೆ. ಚಿಕ್ಕಬಸಮ್ಮೋರು ಗೋಡೆ ಮೇಲೆ ಬಗ್ಗಿದ್ರು, ಬೀಳಂಗಾಗಿದ್ರು. ಚಿಕ್ಕಸಿದ್ದಮ್ಮೋರು ಒಳಗ್ಲಿಂದ ಕೂಗ್ತಿದ್ರು — ಸುಣ್ಣದ ಡಬ್ಬಿ ಎಲ್ಲಿ, ಹುಣಸೆಹಣ್ಣು ಎಲ್ಲಿ ಅಂತ. ಅಷ್ಟ್ರಲ್ಲಿ ನಾ ಬಂದ್ಬುಟ್ಟೆ."

ಜಗುಲಿ ಮೇಲೆ ಸಾಕಮ್ಮ ಎದ್ದು ನಿಂತಳು.

"ಎತ್ತು ಬಿಚ್ಚಬೇಡ ನಿಂಗರಾಜು" ಅಂದೆ. "ನೀರು ಕುಡಿದು ತಿರುಗಿ ಹೋಗು. ಚಿಕ್ಕಸಿದ್ದಮ್ಮನ ಉತ್ತರ ಇಸ್ಕೊಂಡು ಬಾ, ಬಾಯಲ್ಲಿ ಹೇಳಿದರೆ ಬಾಯಲ್ಲೇ, ಬರೆದುಕೊಟ್ಟರೆ ಕಾಗದ."