ಬಿಗಿದಿಟ್ಟ ಹವಳದ ಮುಚ್ಚಳ

ರಾಜಧಾನಿಯ ವಸ್ತುಸಂಗ್ರಹಾಲಯದ ಮಾನ್ಯ ನಿರ್ದೇಶಕರೇ,

ನಿಮ್ಮ ಎರಡನೇ ಮಹಡಿಯ ಗಾಜಿನ ಪೆಟ್ಟಿಗೆಯಲ್ಲಿ ಜೇನುಬಣ್ಣದ ಕಲ್ಲಿನ ನಶ್ಯದ ಕುಪ್ಪಿಯೊಂದಿದೆ. ಅದರ ಹವಳದ ಮುಚ್ಚಳವನ್ನು ಒಂದಿಷ್ಟು ಸಡಿಲಿಸಿ ಎಂದು ಕೇಳಿ ಕೇಳಿ ನನಗೆ ಸಾಕಾಗಿದೆ. ಅದಕ್ಕೇ ಈಗ ಎಲ್ಲರೂ ಓದಲೆಂದು ಪತ್ರಿಕೆಗೆ ಬರೆಯುತ್ತಿದ್ದೇನೆ.

ಆ ಕುಪ್ಪಿ ನನ್ನ ಅಪ್ಪ ಝುಂಡುಯ್ ಅವರದಾಗಿತ್ತು. ವಿದೇಶದಿಂದ ದೊಡ್ಡ ಅತಿಥಿಯೊಬ್ಬರು ಬರುತ್ತಾರೆ, ಉಡುಗೊರೆಗೆ ನಮ್ಮ ನಾಡಿನ ಚೆಂದದ ವಸ್ತುವೊಂದು ಬೇಕು ಎಂದು ಸರ್ಕಾರದವರು ಗೋಬಿ ಮರುಭೂಮಿಯಲ್ಲಿದ್ದ ನಮ್ಮ ಡೇರೆಗೆ ಬಂದಾಗ, ಅಪ್ಪ ನಿಲುವಂಗಿಯ ಎದೆಯ ಮಡಿಕೆಯಿಂದ ತೆಗೆದು ಕೊಟ್ಟರು. ಅತಿಥಿಯ ದೇಶದ ಕಾನೂನು ಬೆಲೆಬಾಳುವುದನ್ನು ಒಯ್ಯಲು ಬಿಡಲಿಲ್ಲವಂತೆ. ಕುಪ್ಪಿ ನಿಮ್ಮ ಪಾಲಾಯಿತು. ಪಕ್ಕದಲ್ಲೊಂದು ಫಲಕ: ‘ಸ್ನೇಹದ ಸಂಕೇತ. ಒಂಟೆ ಸಾಕುವ ಝುಂಡುಯ್ ನೀಡಿದ್ದು.’ ಸ್ನೇಹವೇ? ಭೇಟಿಯಾದಾಗ ನಮಸ್ಕಾರದ ಬದಲು ಎದುರಿನವರಿಗೆ ಕುಪ್ಪಿ ಚಾಚುವಾಗ ಮುಚ್ಚಳ ಸಡಿಲವಾಗಿರಬೇಕು; ಬಿಗಿದು ಚಾಚಿದರೆ ನಿನ್ನ ಮೇಲೆ ನನಗೆ ಮುನಿಸಿದೆ ಎಂದರ್ಥ. ಇದನ್ನು ನಮ್ಮಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ತಾವು ಯಾವ ದೇಶದಲ್ಲಿ ಬೆಳೆದಿರಿ ಸ್ವಾಮಿ?

ಎದೆಬೇನೆಯ ಚಿಕಿತ್ಸೆಗೆಂದು ಅಪ್ಪನನ್ನು ನಗರಕ್ಕೆ ಕರೆತಂದಾಗ, ಅದನ್ನೊಮ್ಮೆ ನೋಡುವ ಆಸೆಪಟ್ಟರು. ನಮಗಿಂತ ಮುಂದೆ ಗಾಜಿನ ಬಳಿ ನಿಂತಿದ್ದ ಹೆಂಗಸೊಬ್ಬಳು ಗಂಡನಿಗೆ ಹೇಳಿದಳು: “ಯಾರೋ ಝುಂಡುಯ್ ಅಂತೆ, ನೋಡ್ರೀ. ಮನೆಗೆ ಬಂದೋರಿಗೆ ಮುಚ್ಚಳ ಬಿಗಿದು ಕೊಟ್ಟಿದಾನೆ. ಅದೆಂಥಾ ಮನುಷ್ಯನೋ.”

ಅಪ್ಪ ಕುಪ್ಪಿಯ ಹತ್ತಿರ ಹೋಗಲೇ ಇಲ್ಲ. ಟೋಪಿ ಹಾಕಿಕೊಂಡು ಮೆಟ್ಟಿಲಿಳಿದರು. ಹೊರಗೆ ಬಂದ ಮೇಲೆ ಇಷ್ಟೇ ಅಂದರು: “ಕೊಟ್ಟಿದ್ದು ಕೊಟ್ಟಾಯ್ತು, ವಾಪಸ್ ಬೇಡ ಕಣಮ್ಮ. ಆದ್ರೆ ನಾನು ಸಡಿಲ ಮಾಡೇ ಕೊಟ್ಟಿದ್ದೆ. ಅದನ್ನ ಅವ್ರಿಗೆ ಹೇಳು.”

ಹೇಳಿದೆ. ಒಳಗೆ ಧೂಳು ಹೋಗುತ್ತದೆ, ಸಮಿತಿ ಒಪ್ಪಬೇಕು ಎಂದಿರಿ. ಸಮಿತಿ ಸೇರುವುದು ಬಿಳಿ ತಿಂಗಳ ಹೊಸವರ್ಷದ ಹಬ್ಬ ಕಳೆದ ಮೇಲಂತೆ, ಏಕೆಂದರೆ ಸದಸ್ಯರೆಲ್ಲ ಹಿರಿಯರ ಮನೆಗಳಿಗೆ ಹೋಗಬೇಕಲ್ಲ! ಅಲ್ಲಿ ಅವರು ತಮ್ಮ ತಮ್ಮ ಕುಪ್ಪಿಗಳನ್ನು ಹೇಗೆ ಚಾಚುತ್ತಾರೆ? ಧೂಳಿಗೆ ಹೆದರಿ ಬಿಗಿದೇ? ಅಪ್ಪ ಈ ಹಬ್ಬ ಕಾಣುವುದು ಅನುಮಾನ ಎಂದು ವೈದ್ಯರು ಹೇಳಿದ್ದಾರೆ. ನನಗೆ ಜಗಳವಾಡುವ ಶಕ್ತಿಯೂ ಉಳಿದಿಲ್ಲ.

ನಾಳೆಯೇ ಪೆಟ್ಟಿಗೆ ತೆರೆಸಿ. ಮುಚ್ಚಳವನ್ನು ಎಳ್ಳಿನಷ್ಟು ಮೇಲೆತ್ತಿ, ನನಗೊಂದು ಫೋನ್ ಮಾಡಿ. ನಿಮ್ಮ ಸಮಿತಿ ಆಮೇಲೆ ಎತ್ತಿದರೆ ಯಾರಿಗೆ ಹೋಗಿ ಹೇಳಲಿ? ಅಪ್ಪ ಯಾರ ಮೇಲೂ ಮುನಿಸಿಲ್ಲದವರಾಗಿ ಸಾಯಬೇಕು.

ಇಂತಿ,
ನಿಮ್ಮ ಕಚೇರಿಯ ಬೆಂಚು ಸವೆಸಿದ,
ಝುಂಡುಯ್ ಮಗಳು ಹಂದ್‌ಸುರೆನ್